10 ಆಂಪಿಯರ್ ರಿಲೇ 3 ಆಂಪಿಯರ್‌ಗೇ ಅಂಟಿಕೊಂಡಿತು. ಹೊಸ ಬೋರ್ಡ್‌ಗೆ ಯಾವ ರಿಲೇ ಹಾಕಲಿ?

ಹಸಿರುಬೋರ್ಡ್ (ಸಂಜೆ 6:12)

ಎಲ್ಲರಿಗೂ ನಮಸ್ಕಾರ. ರೆಡಿ ಸಿಗುವ 8 ರಿಲೇ (ಸಣ್ಣ ಕರೆಂಟಿನಿಂದ ದೊಡ್ಡ ಲೋಡ್ ಆನ್ ಆಫ್ ಮಾಡುವ ಸ್ವಿಚ್) ಮಾಡ್ಯೂಲ್ ಒಂದನ್ನು ಮನೆಯಲ್ಲಿ ಹಾಕಿದ್ದೆ. ನೀಲಿ ಡಬ್ಬಿಯ ರಿಲೇಗಳು, ಮೇಲೆ 10 ಆಂಪಿಯರ್ 250 ವೋಲ್ಟ್ ಎಸಿ ಅಂತ ಬರೆದಿದೆ. ಅರ್ಧ ಎಚ್‌ಪಿ ಪಂಪ್, ಎರಡು ಗುಂಪು ಎಲ್‌ಇಡಿ ದೀಪ, ನೀರಿನ ಟ್ಯಾಂಕಿಗೆ 2 ಕಿಲೋವಾಟ್ ಹೀಟರ್, ಇನ್ನೊಂದು ಕಂಟ್ರೋಲರ್‌ಗೆ ಹೋಗುವ ಒಂದು ಸಿಗ್ನಲ್. ಇಷ್ಟೇ ಲೋಡ್.

ಮೂರು ತಿಂಗಳಲ್ಲಿ ದೀಪದ ರಿಲೇ ಅಂಟಿಕೊಂಡಿತು. ಆಫ್ ಮಾಡಿದರೆ ಟಿಕ್ ಅನ್ನುತ್ತದೆ, ದೀಪ ಮಾತ್ರ ಉರಿಯುತ್ತಲೇ ಇರುತ್ತದೆ. ಬೆರಳಲ್ಲಿ ತಟ್ಟಿದರೆ ಬಿಡುತ್ತದೆ. ನನಗೆ ಅರ್ಥವಾಗದ್ದು ಇದು: ಆ ದೀಪಗಳೆಲ್ಲ ಸೇರಿ 3 ಆಂಪಿಯರ್ ಕೂಡ ದಾಟುವುದಿಲ್ಲ. 8.7 ಆಂಪಿಯರ್ ಎಳೆಯುವ ಹೀಟರ್‌ನ ರಿಲೇ ಇನ್ನೂ ಕೆಲಸ ಮಾಡುತ್ತಿದೆ. ಅದರ ಕೆಳಗಿನ ಬೋರ್ಡ್ ಮಾತ್ರ ಕಂದು ಬಣ್ಣಕ್ಕೆ ತಿರುಗಿದೆ. ಸಿಗ್ನಲ್ ರಿಲೇ ಕೂಡ ಒಮ್ಮೊಮ್ಮೆ ಕೈ ಕೊಡುತ್ತದೆ. ಆನ್ ಆಗಿದ್ದರೂ ಆ ಕಡೆ ಏನೂ ತಲುಪುವುದಿಲ್ಲ.

ಈಗ ನಾನೇ ಬೋರ್ಡ್ ಡಿಸೈನ್ ಮಾಡುತ್ತಿದ್ದೇನೆ. ಎಲ್ಲಾ ಕಡೆ 16 ಆಂಪಿಯರ್ ರಿಲೇ ಹಾಕಿಬಿಟ್ಟರೆ ಮುಗಿಯಿತಾ? ರಿಲೇಯನ್ನು ಎಳೆಯುವ ಸುರುಳಿ, ಅಂದರೆ ಕಾಯಿಲ್, 5 ವೋಲ್ಟ್‌ದೋ 12 ವೋಲ್ಟ್‌ದೋ?

ಟಿಕ್‌ಟಿಕ್ (6:19)

16 ಹಾಕಿ, ನೆಮ್ಮದಿಯಾಗಿರಿ.

ಬೆಸುಗೆಕಡ್ಡಿ (6:41)

ಹಾಗೆ ಹೇಳಿ ಕಳಿಸಬೇಡಿ ಟಿಕ್‌ಟಿಕ್. ಅವರ ಮೂರು ತೊಂದರೆಗೂ ಮೂರು ಬೇರೆ ಬೇರೆ ಕಾರಣ ಇದೆ. 16 ಆಂಪಿಯರ್ ಹಾಕಿದರೆ ಒಂದು ಸರಿಹೋಗಬಹುದು. ಇನ್ನೊಂದು ಈಗಿರುವುದಕ್ಕಿಂತ ಕೆಡುತ್ತದೆ.

ಮೊದಲು ದೀಪದ ವಿಷಯ. ಎಲ್‌ಇಡಿ ದೀಪದ ಡ್ರೈವರ್ ಒಳಗೆ ಕೆಪಾಸಿಟರ್ ಇರುತ್ತದೆ. ಆಫ್ ಇದ್ದಾಗ ಅದು ಖಾಲಿ. 230 ವೋಲ್ಟ್ ಎಸಿಯ ತುದಿ 325 ವೋಲ್ಟ್. ಸರಿಯಾಗಿ ಆ ತುದಿಯಲ್ಲಿ ಕಾಂಟ್ಯಾಕ್ಟ್ (ರಿಲೇ ಒಳಗೆ ಮುಟ್ಟಿ ಬಿಡುವ ಬೆಳ್ಳಿಯ ಬೊಟ್ಟುಗಳು) ಮುಚ್ಚಿತು ಅಂದುಕೊಳ್ಳಿ, ಖಾಲಿ ಕೆಪಾಸಿಟರ್ ಆ ಗಳಿಗೆಯಲ್ಲಿ ಶಾರ್ಟ್ ಇದ್ದ ಹಾಗೆ. ಹತ್ತಾರು ಆಂಪಿಯರ್ ಒಮ್ಮೆಲೇ ನುಗ್ಗುತ್ತದೆ. ಅದು ಒಂದು ಮಿಲಿಸೆಕೆಂಡ್ ಕೂಡ ಇರುವುದಿಲ್ಲ, ಹಾಗಾಗಿ ನಿಮ್ಮ ಮೀಟರ್‌ಗೆ ಕಾಣುವುದಿಲ್ಲ. ಕಾಂಟ್ಯಾಕ್ಟ್‌ಗೆ ಅಷ್ಟು ಹೊತ್ತು ಸಾಕು. ಮುಚ್ಚುವಾಗ ಅದು ಎರಡು ಮೂರು ಸಲ ಪುಟಿಯುತ್ತದೆ. ಪುಟಿದಾಗಲೆಲ್ಲ ಕಿಡಿ. ಕಿಡಿಗೆ ಬೆಳ್ಳಿ ಕರಗುತ್ತದೆ, ಕರಗಿದ ಮೇಲೆ ಮತ್ತೆ ಮುಚ್ಚುತ್ತದೆ, ಹಾಗೇ ಗಟ್ಟಿಯಾಗುತ್ತದೆ. ಇದಕ್ಕೇ ವೆಲ್ಡ್ ಆಯಿತು ಅನ್ನುವುದು. ನೀವು ತಟ್ಟಿದಾಗ ಆ ಸಣ್ಣ ಬೆಸುಗೆ ಮುರಿಯುತ್ತದೆ ಅಷ್ಟೇ.

ಹೀಟರ್ ಹಾಗಲ್ಲ. ಆನ್ ಆದಾಗಲೂ 8.7, ಆಮೇಲೂ 8.7. ಅದು ರಿಲೇಗೆ ಒಳ್ಳೆಯ ಲೋಡ್. ಡಬ್ಬಿಯ ಮೇಲೆ ಬರೆದ 10 ಆಂಪಿಯರ್ ಇಂಥ ಲೋಡ್‌ಗೆ ಹೇಳಿದ ಲೆಕ್ಕ.

ಹೊಸಬ2 (6:50)

ಅಂದರೆ ಮೋಟಾರಿಗೂ ಹೀಗೇನಾ?

ಹಳೇಪ್ಯಾನಲ್ (7:02)

ಹೌದಪ್ಪ. ಮೋಟಾರ್ ನಿಂತಲ್ಲಿಂದ ಹೊರಡುವಾಗ ಓಡುವ ಕರೆಂಟಿನ 5ರಿಂದ 8 ಪಟ್ಟು ಎಳೆಯುತ್ತದೆ. ಹಳೆಯ ತಂತಿಯ ಬಲ್ಬ್ ತಣ್ಣಗಿದ್ದಾಗ 10ರಿಂದ 15 ಪಟ್ಟು. ಮೋಟಾರ್‌ನಲ್ಲಿ ಇನ್ನೊಂದು ಕಾಟ ಇದೆ. ಆಫ್ ಮಾಡುವಾಗ ಅದರ ಸುತ್ತು ತನ್ನ ಕರೆಂಟನ್ನು ಬಿಡುವುದಿಲ್ಲ, ಕಿಡಿಯಾಗಿ ಎಳೆಯುತ್ತದೆ. ಬಾಗಿಲು ತೆರೆಯುವಾಗಲೂ ಏಟು, ಮುಚ್ಚುವಾಗಲೂ ಏಟು.

ಡೇಟಾಶೀಟ್‌ನಲ್ಲಿ ಮೋಟಾರ್ ರೇಟಿಂಗ್ ಬೇರೆಯೇ ಕೊಟ್ಟಿರುತ್ತಾರೆ. ಎಚ್‌ಪಿಯಲ್ಲಿ ಬರೆದಿರುತ್ತಾರೆ, ಇಲ್ಲ ಎಸಿ-3 (ಮೋಟಾರ್ ಲೋಡ್‌ನ ವರ್ಗ) ಅಂತ ಇರುತ್ತದೆ. ಆ ಸಾಲು ಇಲ್ಲದ ರಿಲೇಯನ್ನು ಮೋಟಾರಿಗೆ ನಾನು ಹಾಕುವುದಿಲ್ಲ. 16 ಆಂಪಿಯರ್ ಅಂತ ಬರೆದಿದ್ದರೂ ಹಾಕುವುದಿಲ್ಲ.

ಸಿಲಿಕಾನ್‌ಪ್ರಿಯ (7:05)

ಇಷ್ಟೆಲ್ಲಾ ಕಷ್ಟ ಯಾಕೆ? ಸಾಲಿಡ್ ಸ್ಟೇಟ್ ರಿಲೇ (ಎಸ್‌ಎಸ್‌ಆರ್, ಕಾಂಟ್ಯಾಕ್ಟ್ ಬದಲು ಸೆಮಿಕಂಡಕ್ಟರ್ ಇರುವುದು) ಹಾಕಿ. ಕಿಡಿ ಇಲ್ಲ, ಸದ್ದಿಲ್ಲ, ಪುಟಿಯುವುದಿಲ್ಲ. ಝೀರೋ ಕ್ರಾಸಿಂಗ್ (ವೋಲ್ಟೇಜ್ ಸೊನ್ನೆಗೆ ಬಂದಾಗಲೇ ಆನ್ ಆಗುವ ಗುಣ) ಇರುವುದನ್ನು ತೆಗೆದುಕೊಂಡರೆ ಆ ಎಲ್‌ಇಡಿ ಇನ್‌ರಷ್ (ಒಮ್ಮೆಲೇ ನುಗ್ಗುವ ಕರೆಂಟ್) ಕೂಡ ಇಳಿಯುತ್ತದೆ.

ಬೆಸುಗೆಕಡ್ಡಿ (7:18)

ಹೀಟರ್‌ಗೆ ಸರಿ, ಒಪ್ಪುತ್ತೇನೆ. ಆದರೆ ಟ್ರಯಾಕ್ ಇರುವ ಎಸ್‌ಎಸ್‌ಆರ್‌ನಲ್ಲಿ ಆಂಪಿಯರ್‌ಗೆ ಒಂದು ವಾಟ್‌ಗಿಂತ ಸ್ವಲ್ಪ ಜಾಸ್ತಿಯೇ ಬಿಸಿ ಆಗುತ್ತದೆ. 8.7 ಆಂಪಿಯರ್ ಅಂದರೆ 10 ವಾಟ್ ಹತ್ತಿರ. ಮುಚ್ಚಿದ ಪೆಟ್ಟಿಗೆಯಲ್ಲಿ ಹೀಟ್‌ಸಿಂಕ್ ಎಲ್ಲಿ ಇಡುತ್ತೀರಿ? ಆಫ್ ಇದ್ದಾಗಲೂ ಸ್ವಲ್ಪ ಕರೆಂಟ್ ಸೋರುತ್ತದೆ. ಎಲ್ಲಕ್ಕಿಂತ ಮುಖ್ಯ, ಕೆಟ್ಟರೆ ಹೆಚ್ಚಾಗಿ ಶಾರ್ಟ್ ಆಗಿಯೇ ಕೆಡುತ್ತದೆ. ಹೀಟರ್ ಆನ್ ಆಗಿಯೇ ಉಳಿಯುತ್ತದೆ.

ಸಿಲಿಕಾನ್‌ಪ್ರಿಯ (7:21)

ರಿಲೇ ವೆಲ್ಡ್ ಆದರೂ ಆನ್ ಆಗಿಯೇ ಉಳಿಯುತ್ತದೆ ಅಲ್ವಾ?

ಬೆಸುಗೆಕಡ್ಡಿ (7:24)

ಆ ಮಾತು ನಿಜ. ಯಾವುದೇ ಹಾಕಿದರೂ ಹೀಟರ್‌ಗೆ ಬೇರೆಯಾಗಿ ಒಂದು ಥರ್ಮಲ್ ಕಟ್‌ಔಟ್ (ಬಿಸಿ ಮಿತಿಮೀರಿದರೆ ಕರೆಂಟ್ ಕಡಿಯುವುದು) ಇರಲೇಬೇಕು. ಹಸಿರುಬೋರ್ಡ್, ನಿಮ್ಮ ಟ್ಯಾಂಕಿನಲ್ಲಿ ಇದೆಯಾ? ಇದನ್ನು ಮೊದಲು ನೋಡಿ, ರಿಲೇ ಆಮೇಲೆ.

ಹಸಿರುಬೋರ್ಡ್ (7:40)

ಇದೆ. ಹೀಟರ್ ಜೊತೆಗೇ ಬಂದಿತ್ತು. ಈಗಷ್ಟೇ ಹೋಗಿ ನೋಡಿಕೊಂಡು ಬಂದೆ.

ಇನ್ನೊಂದು ಹೇಳುವುದು ಮರೆತಿದ್ದೆ. ಹೀಟರ್ ರಿಲೇ ದಿನವಿಡೀ ಟಿಕ್ ಅನ್ನುತ್ತಿರುತ್ತದೆ, ಸುಮಾರು ಎರಡು ನಿಮಿಷಕ್ಕೊಮ್ಮೆ ಆನ್ ಆಗುತ್ತದೆ. ನೀರಿನ ಬಿಸಿ ಅರ್ಧ ಡಿಗ್ರಿ ಕೂಡ ಏರುಪೇರಾಗಬಾರದು ಅಂತ ಕೋಡ್ ಹಾಗೆ ಬರೆದಿದ್ದೆ.

ಓಮ್‌ಗಣಿತ (7:58)

ಎರಡು ನಿಮಿಷಕ್ಕೊಮ್ಮೆ ಅಂದರೆ ದಿನಕ್ಕೆ 720 ಸಲ. ಇಂಥ ರಿಲೇಗಳ ಮೆಕ್ಯಾನಿಕಲ್ ಆಯಸ್ಸು 1 ಕೋಟಿ ಸಲ ಅಂತ ದೊಡ್ಡದಾಗಿ ಬರೆದಿರುತ್ತಾರೆ. ಅದು ಲೋಡ್ ಇಲ್ಲದೆ ಬರೀ ಆಡಿಸಿದರೆ. ಪೂರ್ತಿ ಲೋಡ್ ಇಟ್ಟರೆ ಎಲೆಕ್ಟ್ರಿಕಲ್ ಆಯಸ್ಸು ಸಾಮಾನ್ಯವಾಗಿ 1 ಲಕ್ಷ. 1 ಲಕ್ಷವನ್ನು 720ರಿಂದ ಭಾಗಿಸಿ: 139 ದಿನ. ನಾಲ್ಕೂವರೆ ತಿಂಗಳು. ನೀವು ಮೂರು ತಿಂಗಳು ಮುಗಿಸಿದ್ದೀರಿ.

ನಾಲ್ಕು ಡಿಗ್ರಿ ಅಂತರ ಬಿಡಿ. ಟ್ಯಾಂಕಿನ ನೀರಿಗೆ ಅರ್ಧ ಡಿಗ್ರಿ ಯಾರಿಗೆ ಬೇಕು? ಇಪ್ಪತ್ತು ನಿಮಿಷಕ್ಕೊಮ್ಮೆ ಆದರೆ ಅದೇ ರಿಲೇ ಮೂರು ಮುಕ್ಕಾಲು ವರ್ಷ ಬರುತ್ತದೆ.

ಫರ್ಮ್‌ವೇರಮ್ಮ (8:03)

ಇದನ್ನು ಓದಿ ತುಂಬಾ ಖುಷಿಯಾಯಿತು. ರಿಲೇಯ ಆಯಸ್ಸು ಅರ್ಧ ಇರುವುದು ಕೋಡ್‌ನಲ್ಲಿ. ನಾನು ಪ್ರತಿ ಬೋರ್ಡ್‌ನಲ್ಲೂ ಒಂದೊಂದು ರಿಲೇ ಎಷ್ಟು ಸಲ ಆಡಿತು ಅಂತ ಎಣಿಸಿ ಮೆಮೊರಿಯಲ್ಲಿ ಇಡುತ್ತೇನೆ. ಒಮ್ಮೆ ಆನ್ ಆದರೆ ಇಷ್ಟು ನಿಮಿಷ ಆಫ್ ಮಾಡಬಾರದು ಅನ್ನುವ ಕಡಿಮೆ ಅವಧಿಯನ್ನೂ ಹಾಕುತ್ತೇನೆ. ನಾಲ್ಕು ಸಾಲಿನ ಕೆಲಸ.

ಜೊತೆಗೆ ಇನ್ನೊಂದು. ಪವರ್ ಬಂದ ತಕ್ಷಣ, ಚಿಪ್ ಎದ್ದೇಳುವ ಮೊದಲು, ಅದರ ಪಿನ್ ಗಾಳಿಯಲ್ಲಿ ತೇಲುತ್ತಿರುತ್ತದೆ. ಆಗ ರಿಲೇ ಒಮ್ಮೆ ಟಿಕ್ ಅಂದು ಪಂಪ್ ಒದರುತ್ತದೆ. ಡ್ರೈವರ್ ಇನ್‌ಪುಟ್‌ನಿಂದ ಗ್ರೌಂಡ್‌ಗೆ 10 ಕಿಲೋಓಮ್ ಹಾಕಿ. ಮರೆಯಬೇಡಿ.

ಹೊಸಬ2 (8:06)

ಅಕ್ಕ, ಚಿಪ್‌ನ ಪಿನ್‌ಗೆ ನೇರವಾಗಿ ರಿಲೇ ಕೊಟ್ಟರೆ ಆಗಲ್ವಾ? 5 ವೋಲ್ಟ್ ರಿಲೇ, 5 ವೋಲ್ಟ್ ಚಿಪ್.

ಫರ್ಮ್‌ವೇರಮ್ಮ (8:11)

ಬೇಡಪ್ಪ, ಪಿನ್ ಸುಟ್ಟುಹೋಗುತ್ತದೆ. ಆ ನೀಲಿ ರಿಲೇಯ 5 ವೋಲ್ಟ್ ಕಾಯಿಲ್ ಸುಮಾರು 70 ಓಮ್. ಅಂದರೆ 71 ಮಿಲಿಆಂಪಿಯರ್. ಪಿನ್ ಕೊಡುವುದು ಒಂದಿಪ್ಪತ್ತು. ಮಧ್ಯೆ ಟ್ರಾನ್ಸಿಸ್ಟರ್ ಬೇಕೇ ಬೇಕು. ಬಿಸಿ547 ಹಾಕುವವರು ತುಂಬಾ ಜನ ಇದ್ದಾರೆ, ಆದರೆ ಅದರ ಮಿತಿಯೇ 100. ನಾನು 2ಎನ್2222 ಹಾಕುತ್ತೇನೆ. ಎಂಟು ಬೇಕಾದರೆ ಎಂಟು ಡ್ರೈವರ್ ಇರುವ ಯುಎಲ್‌ಎನ್2803 ಚಿಪ್ ಒಂದೇ ಸಾಕು, ಕಾಯಿಲ್ ಆಫ್ ಆದಾಗಿನ ಏಟು ತಡೆಯುವ ಡಯೋಡ್‌ಗಳೂ ಒಳಗೇ ಇರುತ್ತವೆ.

ಓಮ್‌ಗಣಿತ (8:35)

ಯುಎಲ್‌ಎನ್ ಹೆಸರು ಬಂದಿದ್ದು ಒಳ್ಳೆಯದಾಯಿತು. 5 ವೋಲ್ಟ್ ಕಾಯಿಲ್ ಬೇಡ ಅನ್ನುವುದಕ್ಕೆ ನನ್ನ ಮುಖ್ಯ ಕಾರಣ ಅದೇ.

ಯುಎಲ್‌ಎನ್ ತನ್ನಲ್ಲೇ ಸುಮಾರು 0.9 ವೋಲ್ಟ್ ತಿನ್ನುತ್ತದೆ. 5ರಲ್ಲಿ ಕಾಯಿಲ್‌ಗೆ ಉಳಿಯುವುದು 4.1. ರಿಲೇ ಎಳೆಯಲು ನಾಮಿನಲ್‌ನ 75 ಶೇಕಡಾ ಬೇಕು ಅಂತ ಡೇಟಾಶೀಟ್ ಹೇಳುತ್ತದೆ, ಅಂದರೆ 3.75. ಸಾಲುತ್ತದೆ ಅನ್ನಿಸುತ್ತದೆ. ಆದರೆ ಆ 75 ಶೇಕಡಾ 20 ಡಿಗ್ರಿ ಆಸುಪಾಸಿನ ಲೆಕ್ಕ. ತಾಮ್ರದ ರೆಸಿಸ್ಟೆನ್ಸ್ ಡಿಗ್ರಿಗೆ 0.39 ಶೇಕಡಾ ಏರುತ್ತದೆ. ಮುಚ್ಚಿದ ಪೆಟ್ಟಿಗೆಯಲ್ಲಿ ಕಾಯಿಲ್ 60 ಡಿಗ್ರಿಗೆ ಬಂತು ಅಂದರೆ ಸುಮಾರು 15.6 ಶೇಕಡಾ ಜಾಸ್ತಿ. ಎಳೆಯಲು ಬೇಕಾದದ್ದು ಕರೆಂಟ್, ವೋಲ್ಟೇಜ್ ಅಲ್ಲ. ಹಾಗಾಗಿ ಬೇಕಾದ ವೋಲ್ಟೇಜ್ 4.33ಕ್ಕೆ ಏರುತ್ತದೆ. ನಿಮ್ಮ ಹತ್ತಿರ ಇರುವುದು 4.1.

ಬೆಳಿಗ್ಗೆ ಚೆನ್ನಾಗಿ ಓಡುವ ಬೋರ್ಡ್ ಮಧ್ಯಾಹ್ನ ಒಂದೆರಡು ರಿಲೇ ಎಳೆಯದೆ ಸುಮ್ಮನಾಗುವುದು ಇದರಿಂದಲೇ. ಇದನ್ನು ಹುಡುಕಲು ನನಗೆ ಎರಡು ವಾರ ಹಿಡಿದಿತ್ತು. ಬೆಂಚಿನ ಮೇಲೆ ತೆಗೆದಿಟ್ಟರೆ ತಣ್ಣಗಾಗಿ ಸರಿಯಾಗಿಬಿಡುತ್ತಿತ್ತು.

12 ವೋಲ್ಟ್‌ನಲ್ಲಿ ನೋಡಿ. 75 ಶೇಕಡಾ ಅಂದರೆ 9. ಬಿಸಿಯಲ್ಲಿ 10.4. ಯುಎಲ್‌ಎನ್ ತಿಂದ ಮೇಲೂ 11.1 ಇದೆ.

ಹಳೇಪ್ಯಾನಲ್ (8:44)

ಕರೆಂಟ್ ಕೂಡ ನೋಡಿ. 400 ಮಿಲಿವಾಟ್ ಕಾಯಿಲ್ 5 ವೋಲ್ಟ್‌ನಲ್ಲಿ 80 ಮಿಲಿಆಂಪಿಯರ್, 12ರಲ್ಲಿ 33. ಎಂಟು ರಿಲೇ ಒಟ್ಟಿಗೆ ಎಳೆದರೆ 5 ವೋಲ್ಟ್ ಲೈನ್‌ನಲ್ಲಿ 640. ಅದೇ ಲೈನ್‌ನಲ್ಲಿ ಚಿಪ್ ಕೂಡ ಇದ್ದರೆ ವೋಲ್ಟೇಜ್ ಕುಸಿದು ರೀಸೆಟ್ ಆಗುತ್ತದೆ. ರಿಲೇಗೆ 12 ಅಥವಾ 24, ಚಿಪ್‌ಗೆ ಅದರಿಂದಲೇ ಇಳಿಸಿದ 5. ನಾನು ಮಾಡುವುದು ಹೀಗೇ.

ಟಿಕ್‌ಟಿಕ್ (8:46)

ಸರಿ, 16 ಅಂದಿದ್ದು ಹಿಂದಕ್ಕೆ ತೆಗೆದುಕೊಂಡೆ. 12 ವೋಲ್ಟ್ ಕಾಯಿಲ್‌ಗೆ ನನ್ನ ವೋಟು.

ಹಸಿರುಬೋರ್ಡ್ (8:52)

12 ವೋಲ್ಟ್ ಅಂತ ಬರೆದುಕೊಂಡೆ. ಓಮ್‌ಗಣಿತ ಅವರ ಲೆಕ್ಕ ನೋಡಿದ ಮೇಲೆ ಇನ್ನು ಅನುಮಾನವಿಲ್ಲ. ಸಿಗ್ನಲ್ ರಿಲೇ ಕಥೆ ಏನು? ಅಲ್ಲಿ ಲೋಡೇ ಇಲ್ಲ. ಆ ಕಡೆಯ ಕಂಟ್ರೋಲರ್ ಇನ್‌ಪುಟ್‌ನಲ್ಲಿ 5 ವೋಲ್ಟ್, 1 ಮಿಲಿಆಂಪಿಯರ್ ಅಷ್ಟೇ.

ಬೆಸುಗೆಕಡ್ಡಿ (9:10)

ಲೋಡ್ ಇಲ್ಲದಿರುವುದೇ ತೊಂದರೆ. ಬೆಳ್ಳಿ ಕಾಂಟ್ಯಾಕ್ಟ್ ಮೇಲೆ ದಿನ ಕಳೆದಂತೆ ಸಲ್ಫೈಡ್ ಪದರ ಕೂರುತ್ತದೆ. ಬೆಳ್ಳಿ ಪಾತ್ರೆ ಕಪ್ಪಾಗುತ್ತದಲ್ಲ, ಅದೇ. ದೊಡ್ಡ ಲೋಡ್ ಇದ್ದರೆ ಸಣ್ಣ ಕಿಡಿ ಆ ಪದರವನ್ನು ಸುಟ್ಟು ಒರೆಸುತ್ತದೆ. 1 ಮಿಲಿಆಂಪಿಯರ್‌ಗೆ ಆ ಶಕ್ತಿ ಇಲ್ಲ. ಕಾಂಟ್ಯಾಕ್ಟ್ ಮುಚ್ಚಿದ್ದರೂ ಮಧ್ಯೆ ಆ ಪದರ ಇರುತ್ತದೆ.

ಡೇಟಾಶೀಟ್‌ನಲ್ಲಿ ಮಿನಿಮಮ್ ಲೋಡ್ ಅನ್ನುವ ಸಾಲು ಹುಡುಕಿ. ಪವರ್ ರಿಲೇಗಳಲ್ಲಿ ಸಾಮಾನ್ಯವಾಗಿ 5 ವೋಲ್ಟ್‌ಗೆ 100 ಮಿಲಿಆಂಪಿಯರ್ ಅಂತ ಇರುತ್ತದೆ. ನಿಮ್ಮದು ಅದರ ನೂರನೇ ಒಂದು ಪಾಲು. 16 ಆಂಪಿಯರ್ ರಿಲೇ ಹಾಕಿದರೆ ಕೆಡುತ್ತದೆ ಅಂದಿದ್ದು ಇದಕ್ಕೇ.

ಅಲ್ಲಿಗೆ ಸಿಗ್ನಲ್ ರಿಲೇ ಹಾಕಿ. ಓಮ್ರಾನ್ ಜಿ6ಕೆ ತರಹದ್ದು. ಚಿನ್ನದ ಲೇಪ ಇರುತ್ತದೆ, ಕಾಂಟ್ಯಾಕ್ಟ್ ಎರಡಾಗಿ ಸೀಳಿರುತ್ತದೆ, ಒಂದು ತಪ್ಪಿದರೂ ಇನ್ನೊಂದು ಹಿಡಿಯುತ್ತದೆ. ಕೆಲವು ಮೈಕ್ರೋಆಂಪಿಯರ್‌ಗೂ ಕೆಲಸ ಮಾಡುತ್ತದೆ. ಕಾಯಿಲ್ ಬರೀ 100 ಮಿಲಿವಾಟ್.

ಟಿಕ್‌ಟಿಕ್ (9:13)

ನನ್ನ ಒಂದು ಬೋರ್ಡ್‌ನಲ್ಲಿ ಪವರ್ ರಿಲೇಯಲ್ಲೇ ಇಂಥ ಸಿಗ್ನಲ್ ಆರು ವರ್ಷದಿಂದ ಓಡುತ್ತಿದೆ. ಏನೂ ಆಗಿಲ್ಲ.

ಬೆಸುಗೆಕಡ್ಡಿ (9:20)

ಓಡಬಹುದು. ಗಾಳಿ ಶುದ್ಧ ಇದ್ದು, ರಿಲೇ ಸೀಲ್ ಆಗಿದ್ದು, ದಿನಕ್ಕೆ ನೂರು ಸಲ ಆಡುತ್ತಿದ್ದರೆ ತಿಕ್ಕಾಟಕ್ಕೇ ಪದರ ಹೋಗುತ್ತದೆ. ತಿಂಗಳಿಗೊಮ್ಮೆ ಆಡುವ ಅಲಾರಂ ಸಿಗ್ನಲ್ ಆದರೆ? ಬೇಕಾದ ದಿನವೇ ಕೈ ಕೊಡುತ್ತದೆ. ನಾನು ಆ ಅದೃಷ್ಟವನ್ನು ನಂಬುವುದಿಲ್ಲ.

ಹಳೇಪ್ಯಾನಲ್ (9:31)

ಇದಕ್ಕೆ ಒಂದು ಸೇರಿಸುತ್ತೇನೆ. ಚಿನ್ನದ ಲೇಪದ ರಿಲೇಯಲ್ಲಿ ಒಮ್ಮೆ ದೊಡ್ಡ ಲೋಡ್ ಓಡಿಸಿದರೆ ಆ ಚಿನ್ನ ಸುಟ್ಟುಹೋಗುತ್ತದೆ. ಆಮೇಲೆ ಮತ್ತೆ ಸಿಗ್ನಲ್‌ಗೆ ಬಳಸಲು ಬರುವುದಿಲ್ಲ. ಟೆಸ್ಟ್ ಮಾಡುವಾಗ "ಒಂದು ಬಲ್ಬ್ ಹಾಕಿ ನೋಡೋಣ" ಅಂತ ಹಾಕಿ ಹತ್ತು ಹೊಸ ರಿಲೇ ಹಾಳು ಮಾಡಿದ್ದನ್ನು ಕಣ್ಣಾರೆ ಕಂಡಿದ್ದೇನೆ.

ಇನ್ನೊಂದು, ಪೆಟ್ಟಿಗೆ ಮುಚ್ಚಲು ಸಿಲಿಕೋನ್ ಗಮ್ ಹಚ್ಚುತ್ತಾರಲ್ಲ, ಅದರ ಆವಿ ರಿಲೇ ಒಳಗೆ ಹೋದರೆ ಕಿಡಿಯ ಬಿಸಿಗೆ ಗಾಜಿನಂಥ ಪುಡಿಯಾಗಿ ಕಾಂಟ್ಯಾಕ್ಟ್ ಮೇಲೆ ಕೂರುತ್ತದೆ. ಪೂರ್ತಿ ಒಣಗುವ ಮೊದಲು ಪೆಟ್ಟಿಗೆ ಮುಚ್ಚಬೇಡಿ.

ಸಿಲಿಕಾನ್‌ಪ್ರಿಯ (9:38)

ನೋಡಿ, ಆವಿ, ಸಲ್ಫೈಡ್, ಕಿಡಿ, ಪುಟಿತ... ಇನ್ನು ಹುಳ ಒಂದು ಬಾಕಿ.

ಹೊಸಬ2 (9:40)

ಹುಳಾನೂ ಬಂದಿತ್ತಂತಲ್ಲ! ಕಂಪ್ಯೂಟರ್ ಬಗ್ ಅನ್ನುವ ಪದ ಹುಟ್ಟಿದ್ದೇ ರಿಲೇ ಒಳಗೆ ಸಿಕ್ಕ ಪತಂಗದಿಂದ ಅಂತ ಕಾಲೇಜಿನಲ್ಲಿ ಹೇಳಿದ್ದರು.

ಫರ್ಮ್‌ವೇರಮ್ಮ (9:49)

ಅರ್ಧ ನಿಜ. 1947ರ ಸೆಪ್ಟೆಂಬರ್ 9ರಂದು ಹಾರ್ವರ್ಡ್ ಮಾರ್ಕ್ 2 ಯಂತ್ರದ ಎಫ್ ಪ್ಯಾನಲ್‌ನ 70ನೇ ರಿಲೇಯಲ್ಲಿ ಪತಂಗ ಸಿಕ್ಕಿದ್ದು ಹೌದು. ಅದನ್ನು ದಿನಚರಿ ಪುಸ್ತಕಕ್ಕೆ ಅಂಟಿಸಿದ್ದರು. ಪುಸ್ತಕ ಇವತ್ತಿಗೂ ಅಮೆರಿಕದ ಸ್ಮಿತ್ಸೋನಿಯನ್ ಸಂಗ್ರಹದಲ್ಲಿದೆ. ಆದರೆ ಪದ ಅದಕ್ಕಿಂತ ಹಳೆಯದು. ಎಡಿಸನ್ 1878ರಲ್ಲೇ ಯಂತ್ರದ ದೋಷಕ್ಕೆ ಬಗ್ ಅಂತ ಬರೆದಿದ್ದ. ಬಗ್ ಅನ್ನುತ್ತಿದ್ದವರಿಗೆ ನಿಜವಾದ ಹುಳವೇ ಸಿಕ್ಕಿತಲ್ಲ ಅಂತ ಅದನ್ನು ಅಂಟಿಸಿದ್ದು.

ಹಳೇಪ್ಯಾನಲ್ (9:52)

ಆಗಿನ ರಿಲೇಗಳಿಗೆ ಮುಚ್ಚಳ ಇರಲಿಲ್ಲ. ಈಗಿನವು ಡಬ್ಬಿಯಲ್ಲಿರುತ್ತವೆ. ಆದರೂ ಎಲ್ಲಾ ಡಬ್ಬಿಯೂ ಒಂದೇ ಅಲ್ಲ, ಅದನ್ನು ಯಾರಾದರೂ ಹೇಳಿ. ನನಗೆ ಊಟದ ಹೊತ್ತಾಯಿತು.

ಎರಡುಪದರ (10:15)

ಆ ಡಬ್ಬಿ ವಿಷಯ ನಾನು ಹೇಳುತ್ತೇನೆ, ಬೋರ್ಡ್ ಲೇಔಟ್ ನನ್ನ ದಿನದ ಕೆಲಸ.

ಫ್ಲಕ್ಸ್ ಪ್ರೂಫ್ ಅಂತ ಬರೆದಿದ್ದರೆ ಸೋಲ್ಡರ್ ಮಾಡುವಾಗ ಫ್ಲಕ್ಸ್ ಕಾಲಿನ ಮೂಲಕ ಒಳಗೆ ಏರುವುದಿಲ್ಲ, ಅಷ್ಟೇ. ಅದನ್ನು ತೊಳೆಯಬಾರದು. ಬೋರ್ಡನ್ನು ದ್ರವದಲ್ಲಿ ತೊಳೆಯುವವರು ಸೀಲ್ ಆದ, ವಾಶ್ ಟೈಟ್ ಅಂತ ಹೇಳುವ ಮಾದರಿ ತೆಗೆದುಕೊಳ್ಳಬೇಕು. ಅಲ್ಟ್ರಾಸಾನಿಕ್ ತೊಟ್ಟಿಗೆ ಮಾತ್ರ ಯಾವ ರಿಲೇಯನ್ನೂ ಹಾಕಬೇಡಿ. ಆ ನಡುಕಕ್ಕೆ ಕಾಂಟ್ಯಾಕ್ಟ್ ಅಂಟಿಕೊಳ್ಳಬಹುದು, ಕಾಯಿಲ್‌ನ ಸಣ್ಣ ತಂತಿಯೂ ಕಡಿಯಬಹುದು.

ಈಗ ನನಗೆ ನಿಜವಾಗಿ ಕಳವಳ ಇರುವ ವಿಷಯ. ಆ ನೀಲಿ ಚೌಕ ರಿಲೇಯ ಕಾಲುಗಳನ್ನು ನೋಡಿ. ಎರಡು ಕಾಯಿಲ್ ಕಾಲುಗಳ ನಡುವೆ, ಸ್ವಲ್ಪ ಆಚೆಗೆ, ಕಾಮನ್ (ಕಾಂಟ್ಯಾಕ್ಟ್‌ನ ಆಡುವ ತುದಿ) ಕಾಲು ಇರುತ್ತದೆ. ಕಾಯಿಲ್ ಕಡೆ ನೀವು ಬೆರಳಿಟ್ಟು ಮುಟ್ಟುವ 5 ವೋಲ್ಟ್. ಕಾಮನ್‌ನಲ್ಲಿ 230 ವೋಲ್ಟ್. ಕಾಲಿಂದ ಕಾಲಿಗೆ ಸುಮಾರು 6.3 ಮಿಲಿಮೀಟರ್. ಪ್ಯಾಡ್‌ಗಳ ಅಗಲ ಕಳೆದರೆ ಉಳಿಯುವುದು 4 ಚಿಲ್ಲರೆ. ಮನುಷ್ಯರು ಮುಟ್ಟುವ ಭಾಗಕ್ಕೂ ಮೈನ್ಸ್‌ಗೂ ನಡುವೆ ನಾನು 8 ಮಿಲಿಮೀಟರ್‌ಗಿಂತ ಕಡಿಮೆ ಬಿಡುವುದಿಲ್ಲ. ಬೋರ್ಡ್‌ನಲ್ಲಿ ಸೀಳು ಕೊರೆದರೆ ಮೇಲ್ಮೈ ದಾರಿ ಉದ್ದವಾಗುತ್ತದೆ, ನಿಜ. ಆದರೆ ರಿಲೇ ಒಳಗೆ? ಆ ಮಾದರಿಯ ಡೇಟಾಶೀಟ್‌ನಲ್ಲಿ ಕಾಯಿಲ್‌ನಿಂದ ಕಾಂಟ್ಯಾಕ್ಟ್‌ಗೆ ತಡೆಯುವುದು 1500 ವೋಲ್ಟ್ ಅಷ್ಟೇ. ನೀವು ಹೊರಗೆ ಎಷ್ಟೇ ಸೀಳು ಕೊರೆದರೂ ಒಳಗಿನದ್ದು ಬದಲಾಗುವುದಿಲ್ಲ.

ಉದ್ದನೆಯ, ತಗ್ಗಾದ ರಿಲೇಗಳು ಬರುತ್ತವೆ. 29 ಮಿಲಿಮೀಟರ್ ಉದ್ದ, 12.7 ಅಗಲ, 15.7 ಎತ್ತರ. ಶ್ರ್ಯಾಕ್ ಆರ್‌ಟಿ, ಓಮ್ರಾನ್ ಜಿ2ಆರ್‌ಎಲ್ ಈ ಜಾತಿಯವು. ಕಾಯಿಲ್ ಒಂದು ತುದಿ, ಕಾಂಟ್ಯಾಕ್ಟ್ ಇನ್ನೊಂದು ತುದಿ. ಕಾಯಿಲ್‌ನಿಂದ ಕಾಂಟ್ಯಾಕ್ಟ್‌ಗೆ 5000 ವೋಲ್ಟ್ ತಡೆಯುತ್ತವೆ. ಬೋರ್ಡ್ ನಡುವೆ ಒಂದು ಗೆರೆ ಎಳೆದು ಈ ಕಡೆ ಮೈನ್ಸ್, ಆ ಕಡೆ ಚಿಪ್ ಅಂತ ಬಿಡಿಸಬಹುದು. ಮನೆಯಲ್ಲಿ ಮಕ್ಕಳು ಮುಟ್ಟುವ ಸಾಧನಕ್ಕೆ ನಾನು ಬೇರೆ ಜಾತಿಯನ್ನು ಯೋಚಿಸುವುದೂ ಇಲ್ಲ.

ಸಿಲಿಕಾನ್‌ಪ್ರಿಯ (10:22)

ಮಾಡ್ಯೂಲ್‌ನಲ್ಲಿ ಬೆಳಕಿನ ಮೂಲಕ ಸಿಗ್ನಲ್ ದಾಟಿಸುವ ಆಪ್ಟೋಕಪ್ಲರ್ ಇರುತ್ತದಲ್ಲ, ಅದು ಕಾಪಾಡುವುದಿಲ್ಲವಾ?

ಎರಡುಪದರ (10:27)

ಅದು ಚಿಪ್‌ಗೂ ಕಾಯಿಲ್‌ಗೂ ನಡುವೆ. ಕಾಯಿಲ್ ಮತ್ತು ಚಿಪ್ ಎರಡಕ್ಕೂ ಒಂದೇ ಗ್ರೌಂಡ್ ಕೊಟ್ಟರೆ ಆಪ್ಟೋ ಇದ್ದೂ ಇಲ್ಲದ ಹಾಗೆ. ಹೆಚ್ಚಿನ ಮನೆಗಳಲ್ಲಿ ಒಂದೇ ಅಡಾಪ್ಟರ್‌ನಿಂದ ಎರಡಕ್ಕೂ ಕೊಟ್ಟಿರುತ್ತಾರೆ.

ಹಸಿರುಬೋರ್ಡ್ (10:34)

ನಾನೂ ಹಾಗೇ ಕೊಟ್ಟಿದ್ದೇನೆ. ಬೆಳಿಗ್ಗೆ ಎದ್ದ ಕೂಡಲೇ ಬಿಚ್ಚುತ್ತೇನೆ.

ಬೋರ್ಡ್ ಕಂದು ಆಗಿದ್ದು ಯಾಕೆ? ಟ್ರ್ಯಾಕ್ ಸಣ್ಣದಾ?

ಎರಡುಪದರ (10:48)

ಹೌದು, ಬಹುಪಾಲು ಅದೇ. 35 ಮೈಕ್ರಾನ್ ತಾಮ್ರದಲ್ಲಿ 10 ಆಂಪಿಯರ್ ಹರಿದು ಬಿಸಿ 10 ಡಿಗ್ರಿ ಮಾತ್ರ ಏರಬೇಕು ಅಂದರೆ ಟ್ರ್ಯಾಕ್ 7 ಮಿಲಿಮೀಟರ್ ಅಗಲ ಬೇಕು. 16 ಆಂಪಿಯರ್‌ಗೆ 20 ಡಿಗ್ರಿ ಒಪ್ಪಿದರೂ 9 ಬೇಕು. ಎರಡೂ ಪದರದಲ್ಲಿ ಎಳೆದು ವಯಾಗಳಿಂದ (ಎರಡೂ ಪದರ ಸೇರಿಸುವ ತಾಮ್ರದ ತೂತುಗಳಿಂದ) ಹೊಲಿಯಿರಿ. ಇಲ್ಲ 70 ಮೈಕ್ರಾನ್ ತಾಮ್ರ ಕೇಳಿ. ಟ್ರ್ಯಾಕ್ ಮೇಲೆ ಸೋಲ್ಡರ್ ಸುರಿಯುವುದು ಅಷ್ಟು ಪ್ರಯೋಜನವಿಲ್ಲ, ಸೋಲ್ಡರ್ ತಾಮ್ರಕ್ಕಿಂತ ತುಂಬಾ ಕಡಿಮೆ ಹರಿಸುತ್ತದೆ. ತಾಮ್ರದ ತಂತಿ ಇಟ್ಟು ಅದರ ಮೇಲೆ ಸೋಲ್ಡರ್ ಹಾಕಿದರೆ ಸರಿ.

ಒಂದು ಎಚ್ಚರಿಕೆ. ಆ ಉದ್ದ ಜಾತಿಯ 16 ಆಂಪಿಯರ್ ಮಾದರಿಯಲ್ಲಿ ಒಂದೊಂದು ಕಾಂಟ್ಯಾಕ್ಟ್‌ಗೂ ಎರಡೆರಡು ಕಾಲು ಇರುತ್ತದೆ. ಎರಡನ್ನೂ ಟ್ರ್ಯಾಕ್‌ಗೆ ಸೇರಿಸಲೇಬೇಕು. ಒಂದನ್ನೇ ಸೇರಿಸಿದರೆ ಆ ಕಾಲು ಮತ್ತು ಬೆಸುಗೆ ಕಾಯುತ್ತದೆ.

ಸಿಲಿಕಾನ್‌ಪ್ರಿಯ (10:55)

ಪಂಪ್‌ಗೆ ಕಿಡಿ ತಗ್ಗಿಸುವ ಸ್ನಬ್ಬರ್ ಬೇಡವಾ? 0.1 ಮೈಕ್ರೋಫ್ಯಾರಡ್, 100 ಓಮ್. ಎಲ್ಲಾ ರಿಲೇಗೂ ಹಾಕಿಬಿಡಿ.

ಓಮ್‌ಗಣಿತ (11:01)

ಎಲ್ಲದಕ್ಕೂ ಬೇಡ! ಕಾಂಟ್ಯಾಕ್ಟ್‌ಗೆ ಅಡ್ಡಲಾಗಿ ಹಾಕಿದ 0.1 ಮೈಕ್ರೋಫ್ಯಾರಡ್ 230 ವೋಲ್ಟ್ 50 ಹರ್ಟ್ಸ್‌ನಲ್ಲಿ 7 ಮಿಲಿಆಂಪಿಯರ್ ಬಿಡುತ್ತದೆ. ಎಲ್‌ಇಡಿ ದೀಪ ಆಫ್ ಇದ್ದಾಗಲೂ ಮಿಣುಕುತ್ತದೆ. ಪಂಪ್‌ಗೆ ಹಾಕಿ. ಕೆಪಾಸಿಟರ್ ಎಕ್ಸ್2 (ಮೈನ್ಸ್‌ಗೆಂದೇ ಮಾಡಿದ) ಜಾತಿಯದ್ದೇ ಇರಲಿ.

ಕಾಯಿಲ್ ಕಡೆಯ ಡಯೋಡ್ ಬಗ್ಗೆಯೂ ಒಂದು ಮಾತು. ಬರೀ 1ಎನ್4007 ಹಾಕಿದರೆ ಟ್ರಾನ್ಸಿಸ್ಟರ್ ಉಳಿಯುತ್ತದೆ, ಆದರೆ ಕಾಯಿಲ್ ಕರೆಂಟ್ ನಿಧಾನವಾಗಿ ಇಳಿಯುತ್ತದೆ. ಕಾಂಟ್ಯಾಕ್ಟ್ ನಿಧಾನ ತೆರೆದರೆ ಕಿಡಿ ಜಾಸ್ತಿ ಹೊತ್ತು. 12 ವೋಲ್ಟ್ ಕಾಯಿಲ್‌ಗೆ ಡಯೋಡ್ ಜೊತೆ 24 ವೋಲ್ಟ್ ಝೀನರ್ ಸರಣಿಯಲ್ಲಿ ಹಾಕಿ. ಟ್ರಾನ್ಸಿಸ್ಟರ್ ಮೇಲೆ ಸುಮಾರು 37 ವೋಲ್ಟ್ ಬರುತ್ತದೆ. ಯುಎಲ್‌ಎನ್‌ನ ಮಿತಿ 50, ಹಾಗಾಗಿ ತೊಂದರೆ ಇಲ್ಲ. ಅದರ ಕಾಮನ್ ಪಿನ್ ಮತ್ತು 12 ವೋಲ್ಟ್ ನಡುವೆ ಒಂದೇ ಝೀನರ್ ಇಟ್ಟರೆ ಎಂಟಕ್ಕೂ ಆಯಿತು.

ಹೊಸಬ2 (11:06)

ನನ್ನದು ಸೋಲಾರ್ ಬ್ಯಾಟರಿ ಪ್ಯಾಕ್, 96 ವೋಲ್ಟ್ ಡಿಸಿ. ರಿಲೇ ಮೇಲೆ 250 ವೋಲ್ಟ್ ಅಂತ ಇದೆ. ನಡೆಯುತ್ತದಾ?

ಹಳೇಪ್ಯಾನಲ್ (11:12)

ಬೇಡ ಬೇಡ. 250 ಎಸಿಗೆ. ಎಸಿ ಸೆಕೆಂಡಿಗೆ 100 ಸಲ ಸೊನ್ನೆಗೆ ಬರುತ್ತದೆ, ಕಿಡಿ ತಾನಾಗಿ ಆರುತ್ತದೆ. ಡಿಸಿಯಲ್ಲಿ ಸೊನ್ನೆಯೇ ಇಲ್ಲ, ಕಿಡಿ ಉರಿಯುತ್ತಲೇ ಇರುತ್ತದೆ. ಅದೇ ರಿಲೇ ಮೇಲೆ 30 ವೋಲ್ಟ್ ಡಿಸಿ ಅಂತಲೂ ಬರೆದಿರುತ್ತದೆ, ಅದನ್ನು ಓದು. 100 ವೋಲ್ಟ್ ಹತ್ತಿರ ಇಂಥ ರಿಲೇ ಅರ್ಧ ಆಂಪಿಯರ್ ಕೂಡ ಕಡಿಯಲಾರದು. ನಿನಗೆ ಡಿಸಿಗೆಂದೇ ಮಾಡಿದ, ಒಳಗೆ ಅಯಸ್ಕಾಂತ ಇಟ್ಟು ಕಿಡಿ ಊದುವ ರಿಲೇ ಬೇಕು. ಬೇರೆ ಪೋಸ್ಟ್ ಹಾಕು, ಅಲ್ಲಿ ವಿವರವಾಗಿ ಹೇಳುತ್ತೇನೆ. ಅಲ್ಲಿಯವರೆಗೆ ಅದನ್ನು ಮುಟ್ಟಬೇಡ.

ಹಸಿರುಬೋರ್ಡ್ (ಮರುದಿನ, ಸಂಜೆ 5:20)

ಹಳೆಯ ಮಾಡ್ಯೂಲ್ ಬಿಚ್ಚಿದೆ. ದೀಪದ ರಿಲೇ ಕೊಯ್ದು ನೋಡಿದೆ. ಕಾಂಟ್ಯಾಕ್ಟ್ ಮೇಲೆ ಸಣ್ಣ ಗುಡ್ಡ ಎದ್ದಿದೆ, ಎದುರಿನದರಲ್ಲಿ ಸರಿಯಾಗಿ ಅಷ್ಟೇ ಗುಂಡಿ.

ಈಗ ಹೀಗೆ ಆರಿಸಿದ್ದೇನೆ. ಹೀಟರ್‌ಗೆ ಉದ್ದ ಜಾತಿಯ 16 ಆಂಪಿಯರ್. ಪಂಪ್‌ಗೆ ಅದೇ, ಮೋಟಾರ್ ರೇಟಿಂಗ್ ಇರುವುದು, ಜೊತೆಗೆ ಸ್ನಬ್ಬರ್. ಸಿಗ್ನಲ್‌ಗೆ ಜಿ6ಕೆ. ಎಲ್ಲಾ ಕಾಯಿಲ್ 12 ವೋಲ್ಟ್. ದೀಪಕ್ಕೆ ಮಾತ್ರ ಗೊಂದಲ. ಒಂದೇ ಸರಣಿಯಲ್ಲಿ ಸಿಲ್ವರ್ ನಿಕಲ್, ಸಿಲ್ವರ್ ಟಿನ್ ಆಕ್ಸೈಡ್ ಅಂತ ಎರಡು ಸಿಗುತ್ತವೆ.

ಬೆಸುಗೆಕಡ್ಡಿ (5:44)

ದೀಪಕ್ಕೆ ಟಿನ್ ಆಕ್ಸೈಡ್. ಕಣ್ಣು ಮುಚ್ಚಿ ತೆಗೆದುಕೊಳ್ಳಿ. ಅದು ಸುಲಭವಾಗಿ ವೆಲ್ಡ್ ಆಗುವುದಿಲ್ಲ. ಮೊದಲು ಈ ಕೆಲಸಕ್ಕೆ ಕ್ಯಾಡ್ಮಿಯಮ್ ಆಕ್ಸೈಡ್ ಇತ್ತು. ಅದು ವಿಷ, ಹಾಗಾಗಿ ಹೊಸ ಡಿಸೈನ್‌ಗೆ ಯಾರೂ ಹಾಕುವುದಿಲ್ಲ. ಹೀಟರ್‌ಗೆ ನಿಕಲ್ ಸಾಕು. ಪಂಪ್‌ಗೂ ಟಿನ್ ಆಕ್ಸೈಡೇ ಒಳ್ಳೆಯದು.

ದೀಪಗಳ ಸಂಖ್ಯೆ ಇನ್ನೂ ಜಾಸ್ತಿ ಮಾಡುವ ಯೋಚನೆ ಇದ್ದರೆ ಟಂಗ್‌ಸ್ಟನ್ ಮುಂಗಡ ಕಾಂಟ್ಯಾಕ್ಟ್ ಇರುವ ರಿಲೇ ಸಿಗುತ್ತದೆ. ಮೊದಲು ಟಂಗ್‌ಸ್ಟನ್ ಮುಟ್ಟಿ ಆ ನುಗ್ಗುವ ಕರೆಂಟನ್ನು ತಾನು ಹೊರುತ್ತದೆ, ಆಮೇಲೆ ಬೆಳ್ಳಿ ಮುಟ್ಟುತ್ತದೆ. ನಿಮಗೆ ಸದ್ಯಕ್ಕೆ ಅಷ್ಟು ಬೇಡ.

ಎರಡುಪದರ (6:02)

ಆರ್ಡರ್ ಕೊಡುವ ಮೊದಲು ಒಂದು ಕೆಲಸ ಮಾಡಿ. ಡೇಟಾಶೀಟ್‌ನಲ್ಲಿ ಕಾಲುಗಳ ಚಿತ್ರ ಹೆಚ್ಚಾಗಿ ಕೆಳಗಿನಿಂದ ನೋಡಿದ ಹಾಗೆ ಇರುತ್ತದೆ. ಬಾಟಮ್ ವ್ಯೂ ಅಂತ ಸಣ್ಣ ಅಕ್ಷರದಲ್ಲಿ ಬರೆದಿರುತ್ತಾರೆ. ಅದನ್ನು ಹಾಗೇ ಮೇಲಿನಿಂದ ಬರೆದರೆ ಎಲ್ಲ ಉಲ್ಟಾ. ಬೋರ್ಡನ್ನು ಒಂದಕ್ಕೊಂದು ಅಳತೆಯಲ್ಲಿ ಕಾಗದಕ್ಕೆ ಪ್ರಿಂಟ್ ಹಾಕಿ, ರಿಲೇ ಕಾಲನ್ನು ಕಾಗದಕ್ಕೆ ಚುಚ್ಚಿ ನೋಡಿ.

ಹಸಿರುಬೋರ್ಡ್ (6:51)

ಚುಚ್ಚಿ ನೋಡಿದೆ. ಉದ್ದ ರಿಲೇ ಸರಿಯಾಗಿ ಕೂತಿತು. ಜಿ6ಕೆ ಕಾಲುಗಳೂ ಕೂತವು, ಆದರೆ ಡೇಟಾಶೀಟ್ ಜೊತೆ ಒಂದೊಂದೇ ಕಾಲು ಎಣಿಸಿದರೆ ನನ್ನ ಚಿತ್ರ ಕನ್ನಡಿಯಲ್ಲಿ ನೋಡಿದ ಹಾಗಿದೆ. ಕಾಯಿಲ್‌ನ ಪ್ಲಸ್ ಮೈನಸ್ ಅದಲು ಬದಲು. ತಿದ್ದಿದೆ. ಆರ್ಡರ್ ಇನ್ನೂ ಕೊಟ್ಟಿಲ್ಲ, ನಿಮಗೆ ತುಂಬಾ ತುಂಬಾ ಧನ್ಯವಾದ ಎರಡುಪದರ.

ಫರ್ಮ್‌ವೇರಮ್ಮ (6:55)

ಅದು ಪ್ಲಸ್ ಮೈನಸ್ ನೋಡುವ ಕಾಯಿಲ್, ಉಲ್ಟಾ ಕೊಟ್ಟಿದ್ದರೆ ಎಳೆಯುತ್ತಲೇ ಇರಲಿಲ್ಲ. ನಾಲ್ಕು ದಿನ ನನ್ನಂಥವರ ಕೋಡ್ ಮೇಲೆ ಅನುಮಾನ ಪಡುತ್ತಿದ್ದಿರಿ.

ಎರಡುಪದರ (7:03)

ಉದ್ದ ರಿಲೇಗೆ ತೂತು 1.3 ಮಿಲಿಮೀಟರ್ ಇಟ್ಟಿದ್ದೀರಾ? ಲೈಬ್ರರಿಯಲ್ಲಿ ಬರುವ 1.0 ಕಾಗದದಲ್ಲಿ ಚುಚ್ಚಿದರೆ ಗೊತ್ತಾಗುವುದಿಲ್ಲ.

ಹಸಿರುಬೋರ್ಡ್ (7:05)

1.0 ಇತ್ತು. ಬದಲಾಯಿಸುತ್ತಿದ್ದೇನೆ.